ಭೀಮೆಯ ಎರಡು ದಡ, ಒಂದು ಪೇಟೆ

ವಿಜಾಪುರ ಜಿಲ್ಲೆಯ ಹಲಸಂಗಿಯಿಂದ ಉತ್ತರಕ್ಕೆ ಹೊರಟು ಭೀಮಾನದಿಯನ್ನು ದಾಟಿದೊಡನೆ ಕರ್ನಾಟಕದ ಆಡಳಿತವು ಮುಗಿದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ ಮೊದಲಾಗುವುದಾದರೂ, ದಡದಾಚೆಯ ಹಳ್ಳಿಗಳಲ್ಲಿ ಮಾತು ಕನ್ನಡವಾಗಿಯೇ ಮುಂದುವರಿಯುವುದು.

1956ರ ನವೆಂಬರ್ 1ರಂದು ವಿಜಾಪುರವು ಮೈಸೂರು ರಾಜ್ಯವನ್ನು ಸೇರಿ, ಸೋಲಾಪುರವು ಮುಂಬಯಿ ರಾಜ್ಯದಲ್ಲಿಯೇ ಉಳಿದಾಗ ಭೂಪಟವು ಎರಡಾಯಿತು, ವ್ಯಾಪಾರವು ಎರಡಾಗಲಿಲ್ಲ. ಈ ದಡದ ಇಂಡಿ ಸೀಮೆಯ ರೈತನು ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಕೊಂಡು ಇಂದಿಗೂ ಸೋಲಾಪುರದ ಅಡತಿ ಅಂಗಡಿಗೆ ಹೋಗುವನು. ಸವಾಲು ಮುಗಿದ ಬಳಿಕ ಹಮಾಲಿಯನ್ನೂ ತೂಕದ ಕೂಲಿಯನ್ನೂ ಮುರಿದುಕೊಂಡು ಬರೆದ ಪಟ್ಟಿಯು ಅವನ ಕೈಗೆ ಬರುವುದು. ಸಂಶಯವು ಹುಟ್ಟುವುದೂ ಆ ಪಟ್ಟಿಯಲ್ಲಿಯೇ. ಬೆಲೆ ಕಟ್ಟುವವನು ಪೇಟೆಯವನು, ಮಾಲು ಕೊಳೆತೀತೆಂಬ ಭಯ ರೈತನದು. ಆದರೆ ಈ ದಡದ ಮಾಲು ಬಾರದಿದ್ದರೆ ಆ ಅಂಗಡಿಗೂ ನಷ್ಟವೇ.

ಇಂತಹ ಸಹಜವಾದ ಅಸಮಾಧಾನಕ್ಕೆ ಭಾಷೆಯ ಬಣ್ಣವನ್ನು ಬಳಿದರೆ ಅನರ್ಥವಾಗುವುದು. 2022ರ ಡಿಸೆಂಬರಿನಲ್ಲಿ ಗಡಿವಿವಾದವು ಕೆರಳಿ ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತಾಗ, ಸಂಕಟಪಟ್ಟವರು ಭಾಷಣ ಮಾಡಿದವರಲ್ಲ. ಪೇಟೆಗೂ ಆಸ್ಪತ್ರೆಗೂ ಹೊರಟಿದ್ದ ಬಡವರು.

ಗಡಿಯ ವ್ಯಾಜ್ಯವು 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದು ಅಲ್ಲಿಯೇ ತೀರ್ಮಾನವಾಗಲಿ; ಉಭಯ ಸರ್ಕಾರಗಳೂ ಸೋಲಾಪುರದ ಹಾದಿಯನ್ನು ಒಂದು ದಿನದ ಮಟ್ಟಿಗೂ ಮುಚ್ಚದಿರಲಿ.