ಗೂಗಲ್‌ನಲ್ಲಿ ಸಿಕ್ಕ ಫೋಟೊ ಯಾರದು?

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರ. ಹೊಸದಾಗಿ ವೆಬ್‌ಸೈಟ್ ಮಾಡಿಸುತ್ತಿದ್ದೇವೆ. ಗೂಗಲ್‌ನಲ್ಲಿ ಸಿಗುವ ಫೋಟೊಗಳನ್ನು ಹಾಕಿಕೊಳ್ಳಬಹುದೆ?

ಹಾಗೇ ಎತ್ತಿ ಹಾಕುವಂತಿಲ್ಲ. ಬೇಲಿ ಇಲ್ಲವೆಂದು ರಸ್ತೆ ಬದಿಯ ಹೊಲದಲ್ಲಿ ಕಾಯಿ ಬಿಡಿಸಲಾದೀತೆ? ಗೂಗಲ್ ಹೊಲ ತೋರಿಸುತ್ತದೆ, ಅಷ್ಟೆ, ಒಡೆಯ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಫೋಟೊ ತೆಗೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಹಾವೇರಿಯ ಸಿದ್ಧೇಶ್ವರ ಗುಡಿ ಶತಮಾನಗಳಷ್ಟು ಹಳೆಯದು, ನಿಜ. ಆದರೆ ಅದರ ಮೊನ್ನೆಯ ಫೋಟೊಕ್ಕೆ ಒಡೆಯರಿದ್ದಾರೆ.

ವಿಕಿಮೀಡಿಯ ಕಾಮನ್ಸ್‌ನ ಚಿತ್ರಗಳನ್ನು ವ್ಯಾಪಾರಕ್ಕೂ ಬಳಸಬಹುದು. ಪ್ರತಿ ಚಿತ್ರದ ಜೊತೆಗಿರುವ ಷರತ್ತು ಓದಿ. ಬಹುಪಾಲು ಚಿತ್ರಗಳಿಗೆ ಛಾಯಾಗ್ರಾಹಕರ ಹೆಸರನ್ನೂ ಪರವಾನಗಿಯನ್ನೂ ನಮೂದಿಸಬೇಕು. ದುಡ್ಡಿಗೆ ಫೋಟೊ ಮಾರುವ ತಾಣಗಳೂ ಇವೆ. ಆದರೆ ಅಲ್ಲಿ ಕೊಂಡ ನುಣುಪು ಕಾಯಿಯ ಚಿತ್ರ ಹಾಕಿದರೆ, ಬ್ಯಾಡಗಿಯ ಸುಕ್ಕು ಬಲ್ಲ ಗಿರಾಕಿ ನಕ್ಕಾನು!

ನಿಮ್ಮ ಅಂಗಡಿಯ ಕಡ್ಡಿ, ಡಬ್ಬಿ ತಳಿಯ ಕಾಯಿಗಳ ಫೋಟೊ ನೀವೇ ತೆಗೆಯಿರಿ, ಇಲ್ಲವೆ ರಾಣೆಬೆನ್ನೂರಿನ ಸ್ಟುಡಿಯೊದವರನ್ನು ಕರೆಸಿ. ದುಡ್ಡು ಕೊಟ್ಟು ತೆಗೆಸಿದ ಫೋಟೊಕ್ಕೆ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಆದರೂ ಮಾತನ್ನು ಬರಹದಲ್ಲಿ ಮಾಡಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ.