ಪುಡಿ ಉದುರಿದ ಮಾತ್ರೆ ನುಂಗಬಹುದೇ?

ಪಟ್ಟಿಯಿಂದ ಮಾತ್ರೆ ತೆಗೆಯುವಾಗ ಅಂಚು ಮುರಿದು ಪುಡಿ ಉದುರುವುದನ್ನು ನೀವೂ ನೋಡಿರಬಹುದು. ‘ಹೊಟ್ಟೆಯಲ್ಲಿ ಹೇಗಿದ್ದರೂ ಕರಗುತ್ತದಲ್ಲ’ ಎಂದು ಉಳಿದದ್ದನ್ನು ನುಂಗಿಬಿಡುವವರೇ ಹೆಚ್ಚು. ಆದರೆ ಉದುರಿದ ಪುಡಿಯೊಡನೆ ಔಷಧದ ಒಂದು ಪಾಲೂ ಹೋಗಿರುತ್ತದೆ. ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುವ ಥೈರಾಯ್ಡ್ ಮಾತ್ರೆಯಂಥವುಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಅಚ್ಚಿನಲ್ಲಿ ಪುಡಿಯನ್ನು ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ವಿಲಿಯಂ ಬ್ರಾಕ್‌ಡನ್. ಆತ ವೈದ್ಯನಲ್ಲ, ಚಿತ್ರಕಾರ. ಪೆನ್ಸಿಲಿನ ಗ್ರಾಫೈಟ್ ಪುಡಿಯನ್ನು ಗಟ್ಟಿಗೊಳಿಸುವುದೂ ಅದೇ ಪೇಟೆಂಟಿನಲ್ಲಿತ್ತು!

ಆದರೆ ಎಲ್ಲ ಪುಡಿಯೂ ಒತ್ತಿದೊಡನೆ ಗಟ್ಟಿಯಾಗುವುದಿಲ್ಲ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ನೋಡಿ. ಬರೀ ಪುಡಿಯನ್ನು ಒತ್ತಿದರೆ ಮಾತ್ರೆಯ ಮೇಲ್ಭಾಗ ಟೋಪಿಯಂತೆ ಕಳಚಿಕೊಳ್ಳುತ್ತದೆ. ನಯವಾದ ಪುಡಿಯಲ್ಲಿ ಸಿಕ್ಕಿಕೊಂಡ ಗಾಳಿಯೂ ಇದಕ್ಕೊಂದು ಕಾರಣ. ಮೇಲಾಗಿ ನಯವಾದ ಪುಡಿ ಸರಾಗವಾಗಿ ಹರಿಯದು. ಆಲಿಕೆಗೆ ಮೈದಾ ಹಾಕಿದರೆ ಕಟ್ಟಿಕೊಳ್ಳುತ್ತದೆ, ರವೆ ಸರ್ರನೆ ಇಳಿಯುತ್ತದೆ. ಪುಡಿ ಸಮನಾಗಿ ಅಚ್ಚಿಗೆ ಇಳಿಯದಿದ್ದರೆ ಒಂದು ಮಾತ್ರೆಯಲ್ಲಿ ಔಷಧ ಹೆಚ್ಚು, ಇನ್ನೊಂದರಲ್ಲಿ ಕಡಿಮೆ.

ಅದಕ್ಕಾಗಿಯೇ ಎಷ್ಟೋ ಔಷಧಗಳ ಪುಡಿಯನ್ನು ಮೊದಲು ‘ರವೆ’ ಮಾಡಿಕೊಳ್ಳುತ್ತಾರೆ. ಗಂಜಿ ಅಥವಾ ಪೊವಿಡೋನ್‌ನಂಥ ಅಂಟು ಸೇರಿಸಿ ಕಲಸಿ, ಜರಡಿಯಲ್ಲಿ ಹಾಯಿಸಿ, ಒಣಗಿಸುತ್ತಾರೆ. ಇದೇ ಗ್ರಾನ್ಯುಲೇಷನ್. ಇಲ್ಲಿ ಹದವೇ ಮುಖ್ಯ. ಅಂಟು ಕಡಿಮೆಯಾದರೆ ಮಾತ್ರೆ ಉದುರುತ್ತದೆ. ಹೆಚ್ಚಾದರೆ ಕಲ್ಲಾಗಿ, ಹೊಟ್ಟೆಯಲ್ಲಿ ಬೇಗ ಬಿಚ್ಚಿಕೊಳ್ಳುವುದಿಲ್ಲ. ತೀರಾ ಒಣಗಿದರೆ ಬಿರಿಯುತ್ತದೆ, ತೇವ ಉಳಿದರೆ ಅಚ್ಚಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ‘ಗಟ್ಟಿ ಮಾತ್ರೆಯೇ ಒಳ್ಳೆಯ ಮಾತ್ರೆ’ ಎಂದು ತಿಳಿಯಬೇಡಿ.

ತಯಾರಾದ ಮಾತ್ರೆಗಳಿಗೆ ಎರಡು ಬಗೆಯ ಪರೀಕ್ಷೆಯಿದೆ. ತಿರುಗುವ ಡಬ್ಬಿಯಲ್ಲಿ 100 ಸುತ್ತು ಉರುಳಿಸಿದಾಗ ಸಾಮಾನ್ಯವಾಗಿ ತೂಕದ ಶೇ 1ಕ್ಕಿಂತ ಹೆಚ್ಚು ಉದುರಬಾರದು. ಅದೇ ವೇಳೆ, ಲೇಪನವಿಲ್ಲದ ಸಾಧಾರಣ ಮಾತ್ರೆ 37 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 15 ನಿಮಿಷದೊಳಗೆ ಬಿಚ್ಚಿಕೊಳ್ಳಬೇಕು.

ಕಾರ್ಖಾನೆಯಲ್ಲಿ ತಂದ ಈ ಹದವನ್ನು ಮನೆಯಲ್ಲಿ ಕೆಡಿಸದಿರುವುದು ನಿಮ್ಮ ಕೈಯಲ್ಲಿದೆ:

* ಮಾತ್ರೆಗಳನ್ನು ಬಿಡಿಸಿ ಡಬ್ಬಿಯಲ್ಲಿ ಸುರಿದಿಡಬೇಡಿ. ಬಚ್ಚಲುಮನೆ, ಒಲೆಯ ಪಕ್ಕ ಬೇಡವೇ ಬೇಡ. ತೇವ ತಾಗಿದರೆ ಮಾತ್ರೆ ಮೆತ್ತಗಾಗುವುದಷ್ಟೇ ಅಲ್ಲ, ಔಷಧವೂ ಕೆಡಬಹುದು. ಆಸ್ಪಿರಿನ್‌ಗೆ ವಿನೆಗರ್ ವಾಸನೆ ಬಂದರೆ ಬಳಸಬೇಡಿ.

* ಹೊಸ ಪಟ್ಟಿಯಲ್ಲೇ ಮಾತ್ರೆ ಪುಡಿಯಾಗಿದ್ದರೆ ಬಿಲ್ಲಿನೊಡನೆ ಅಂಗಡಿಗೆ ಹಿಂತಿರುಗಿಸಿ.

* ನಡುವೆ ಗೀರಿದೆಯೆಂದು ನೀವೇ ಅರ್ಧ ಮಾಡಬೇಡಿ, ವೈದ್ಯರನ್ನು ಕೇಳಿ.

* ಹೆಸರಿನೊಡನೆ ‘ಎಸ್‌ಆರ್’, ‘ಇಆರ್’ ಎಂದಿರುವ ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಅವು ಗಂಟೆಗಟ್ಟಲೆ ನಿಧಾನವಾಗಿ ಔಷಧ ಬಿಡುವಂಥವು. ಪುಡಿ ಮಾಡಿದರೆ ಅಷ್ಟೂ ಔಷಧ ಒಮ್ಮೆಲೇ ಮೈಗೆ ಸೇರಿ ಅಪಾಯವಾದೀತು. ನುಂಗಲು ಕಷ್ಟಪಡುವ ಹಿರಿಯರು ಮನೆಯಲ್ಲಿದ್ದರೆ ವೈದ್ಯರಿಗೆ ತಿಳಿಸಿ. ಅದೇ ಔಷಧ ಬೇರೆ ರೂಪದಲ್ಲಿ ಸಿಗಬಹುದು.