ಮೈಸೂರಿನ 75 ಅಡಿ ಹೀರೊಗೆ ಈಗ ಡೈಲಾಗೇ ಇಲ್ಲ!

ಗಡಿಯಾರಕ್ಕೂ ಸಿನಿಮಾಕ್ಕೂ ಎಲ್ಲಿಯ ನಂಟು ಅಂತೀರಾ? 1923ರ ‘ಸೇಫ್ಟಿ ಲಾಸ್ಟ್’ ನೋಡಿ. ಕನ್ನಡಕದ ಹುಡುಗ ಹೆರಾಲ್ಡ್ ಲಾಯ್ಡ್ ಎತ್ತರದ ಕಟ್ಟಡದ ಗಡಿಯಾರದ ಮುಳ್ಳು ಹಿಡಿದು ನೇತಾಡುತ್ತಾನೆ. ಕೆಳಗೆ ನೋಡಿದರೆ ರಸ್ತೆ, ನಮ್ಮ ಎದೆ ಢವಢವ! 1983ರ ‘ಪ್ರಾಜೆಕ್ಟ್ ಎ’ಯಲ್ಲಿ ಜಾಕಿ ಚಾನ್ ಗಡಿಯಾರದ ಗೋಪುರದಿಂದ ಕೈಬಿಟ್ಟು, ಬಟ್ಟೆಯ ಚಪ್ಪರಗಳನ್ನು ಸೀಳಿಕೊಂಡು ನೆಲಕ್ಕೆ ಬಿದ್ದೇ ಬಿಟ್ಟ. ಡ್ಯೂಪ್ ಗೀಪ್ ಏನೂ ಇಲ್ಲ ಸ್ವಾಮಿ!

ಅವೆಲ್ಲ ಪರದೆಯ ಮೇಲಿನ ಮಾತಾಯಿತು. ಪರದೆಯ ಆಚೆ ನಮ್ಮದೇ ಒಬ್ಬ ಹೀರೊ ಇದ್ದಾನೆ. ಜಯಪುರ, ಕೊಪ್ಪ, ಶೃಂಗೇರಿ ಕಡೆಯ ಹುಡುಗರು ದಸರಾಕ್ಕೆ ಮೈಸೂರಿಗೆ ಬಂದು ಜನಸಂದಣಿಯಲ್ಲಿ ಚೆಲ್ಲಾಪಿಲ್ಲಿಯಾದರೆ ಆತನೇ ಗತಿ. “ದೊಡ್ಡ ಗಡಿಯಾರದ ಹತ್ರ ನಿಂತಿರೋ ಮಾರಾಯ, ಬಂದೆ!”

ಅರಮನೆಯ ಉತ್ತರಕ್ಕೆ, ಪುರಭವನದ ಪಕ್ಕದಲ್ಲಿ ನಿಂತಿರುವ ಈ ಗೋಪುರದ ಎತ್ತರ 75 ಅಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಎದ್ದು ನಿಂತಿತು. ಹಣ ಕೂಡಿಸಿದವರು ಅರಮನೆಯ ನೌಕರರು. ಅದರ ಮುಖದ ಮೇಲೆ ೧ರಿಂದ ೧೨ರವರೆಗೆ ಅಂಕಿಗಳೆಲ್ಲ ಅಪ್ಪಟ ಕನ್ನಡ! ಕನ್ನಡ ಬಲ್ಲವನಿಗೆ ಹೊತ್ತು ತಿಳಿಯಲು ಬೇರೆ ಭಾಷೆಯ ಹಂಗಿಲ್ಲ.

ಕೈಗಡಿಯಾರ ಸಿರಿವಂತರ ಸೊತ್ತಾಗಿದ್ದ ದಿನಗಳಲ್ಲಿ ಇದರ ಗಂಟೆಯೇ ಊರಿನ ಗಂಟೆ. ಆದರೆ ಆ ಸದ್ದಿನ ಕಂಪನಕ್ಕೆ ಕಟ್ಟಡವೇ ಸಡಿಲವಾದೀತೆಂದು ಬಾರಿಸುವುದನ್ನೇ ನಿಲ್ಲಿಸಿದರು ಎನ್ನುತ್ತಾರೆ. ತನ್ನ ಮೈ ಉಳಿಸಿಕೊಳ್ಳಲು ದನಿಯನ್ನೇ ಬಿಟ್ಟುಕೊಟ್ಟ ಹೀರೊ! ಇತ್ತೀಚಿನ ವರ್ಷಗಳಲ್ಲಿ ಗೋಪುರದಲ್ಲಿ ಬಿರುಕುಗಳೂ ಕಂಡವು. ದುರಸ್ತಿಯ ಮಾತು ಎದ್ದಿತು.

ಬಿರುಕನ್ನು ಹಗುರವಾಗಿ ನೋಡುವಂತಿಲ್ಲ. ಸ್ವಲ್ಪ ದೂರದ ದೇವರಾಜ ಮಾರುಕಟ್ಟೆಯ ಮುಂದೆ ಚಿಕ್ಕ ಗಡಿಯಾರವಿದೆ. ಹೆಸರಿಗೆ ಚಿಕ್ಕದು, ವಯಸ್ಸಿನಲ್ಲಿ ಅಣ್ಣ! ವೈಸರಾಯ್ ಡಫರಿನ್ ಹೆಸರಿನ ಅದು ದೊಡ್ಡದಕ್ಕಿಂತ 41 ವರ್ಷ ಹಿರಿದು, 1886ರದು. ಅದರ ಕಣ್ಣೆದುರಿಗೇ 2012ರ ಆಗಸ್ಟ್‌ನಲ್ಲಿ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಹಳೆಯ ಕಟ್ಟಡ ಬೀಳುವ ಮುನ್ನ ಟ್ರೇಲರ್ ತೋರಿಸುವುದಿಲ್ಲ ಕಣ್ರೀ!

ಟೈಮ್ ನೋಡೋಕೆ ಜೇಬಿನಲ್ಲಿ ಮೊಬೈಲ್ ಇದೆಯಲ್ಲ, ಗೋಪುರ ಯಾಕೆ ಬೇಕು ಅನ್ನುವವರೂ ಇದ್ದಾರೆ. ಸರಿ ಗುರುಗಳೇ, ಆದರೆ “ಮೊಬೈಲ್ ಕೆಳಗೆ ಸಿಗೋಣ” ಅಂತ ಗೆಳೆಯನಿಗೆ ಹೇಳೋಕಾಗುತ್ತಾ?

ಮುಂದಿನ ಸಲ ಮೈಸೂರಿಗೆ ಹೋದಾಗ ಸಿನಿಮಾ ಟಿಕೆಟ್ಟಿಗೆ ಓಡುವ ಮುಂಚೆ ಒಂದು ನಿಮಿಷ ತಲೆ ಎತ್ತಿ ನೋಡಿ. ಡೈಲಾಗ್ ಇಲ್ಲದಿದ್ದರೂ ಫ್ರೇಮ್ ತುಂಬುವವನೇ ಅಲ್ಲವೇ ನಿಜವಾದ ಹೀರೊ?